ಮುಟ್ಟಬಾರದ ಬೋಲ್ಟು

ನನಗೆ ಅನುಮಾನದ ರೋಗವಿದೆಯೆಂದು ಹುಣಸೂರಿನಲ್ಲಿ ಯಾರೋ ಸುದ್ದಿ ಹಬ್ಬಿಸಿದ್ದಾರೆ. ಯಾರೆಂದು ನನಗೆ ಗೊತ್ತು, ಆದರೆ ಹೇಳುವುದಿಲ್ಲ. (ಹೇಳಿದರೆ ನನಗೆ ಗೊತ್ತಾಗಿದೆ ಎನ್ನುವುದು ಅವನಿಗೆ ಗೊತ್ತಾಗಿಬಿಡುತ್ತದೆ.) ನಾನು ಅನುಮಾನದವನಲ್ಲ. ಯಾರನ್ನೂ ನಂಬುವುದಿಲ್ಲ, ಅಷ್ಟೆ. ಎರಡಕ್ಕೂ ಬಹಳ ವ್ಯತ್ಯಾಸವಿದೆ. ಅನುಮಾನದವನಿಗೆ ನಿದ್ದೆ ಬರುವುದಿಲ್ಲ. ನಾನಾದರೋ ಮನೆಯ ಬೀಗಗಳನ್ನೆಲ್ಲ ಒಂದು ಸಲ ಎಳೆದು ನೋಡಿ, ಹಾಸಿಗೆಗೆ ಹೋಗಿ, ಮತ್ತೆ ಎದ್ದು ಬಂದು ಇನ್ನೊಂದು ಸಲ ಎಳೆದು ನೋಡಿ, ಆಮೇಲೆ ಸುಖವಾಗಿ ಗೊರಕೆ ಹೊಡೆಯುತ್ತೇನೆ.

ಹೊಗೆಸೊಪ್ಪಿನ ವ್ಯಾಪಾರ ಮಾಡುವವನು ಹೀಗಿರದೆ ಇನ್ನು ಹೇಗಿರಬೇಕು? ಪಿರಿಯಾಪಟ್ಟಣದ ಕಡೆಯಿಂದ ಬಂದ ಸೊಪ್ಪನ್ನು ನನ್ನ ಮಂಡಿಯಲ್ಲಿ ಹೊರೆ ಕಟ್ಟಿ ಹೊರಗೆ ಕಳಿಸಬೇಕು. ಆಳುಗಳು ನಾರಿನ ಹಗ್ಗ ಹಾಕಿ ಬಿಗಿಯುತ್ತಾರೆ. ಅವರು ಆಯಿತೆಂದು ಕೈ ಕೊಡವಿದ ಮೇಲೆ ನಾನು ಪಂಚೆ ಎತ್ತಿ ಕಟ್ಟಿ, ಹೊರೆಯ ಮೇಲೆ ಕಾಲೂರಿ, ಅದೇ ಹಗ್ಗವನ್ನು ಇನ್ನೊಂದು ಎಳೆ ಎಳೆಯುತ್ತೇನೆ. ಆಗ ಹಗ್ಗ 'ಕಿರ್' ಎನ್ನುತ್ತದೆ. ಆ ಕಿರ್ ನನ್ನ ಕಿವಿಗೆ ಬಿದ್ದ ಮೇಲೆಯೇ ಹೊರೆ ಗಾಡಿ ಹತ್ತುವುದು. 'ಇನ್ನೊಂದೆಳೆ ಗುರುಮಲ್ಲಪ್ಪ' ಎಂದೇ ಪೇಟೆಯಲ್ಲಿ ನನಗೆ ಹೆಸರು. ಗೌರವದಿಂದ ಇಟ್ಟ ಹೆಸರೆಂದು ಬಹಳ ಕಾಲ ತಿಳಿದಿದ್ದೆ.

ಮನೆಯಲ್ಲಿಯೂ ಇದೇ ಶಿಸ್ತು. ಬೆಲ್ಲ, ತುಪ್ಪ, ಕೊಬ್ಬರಿ ಇರುವ ಉಗ್ರಾಣದ ಬಾಗಿಲಿಗೆ ನನ್ನ ಅಂಗೈಯಗಲದ ಬೀಗ ಹಾಕಿ, ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದೇನೆ. ನನ್ನ ಹೆಂಡತಿ ನೀಲಾಂಬಿಕೆ ಸೋಮವಾರ ಕೇಳುತ್ತಾಳೆ, ನಾನು ತೆಗೆಯುತ್ತೇನೆ, ಪಕ್ಕದಲ್ಲೇ ನಿಂತು ಅಳೆದು ಕೊಡುತ್ತೇನೆ. ಅಷ್ಟು ಬೆಲ್ಲದಲ್ಲಿ ಆಕೆ ವಾರವಿಡೀ ಪಾಯಸ, ಹೋಳಿಗೆ, ಬಂದ ನೆಂಟರಿಗೆ ಉಂಡೆ ಎಲ್ಲ ಮಾಡುತ್ತಾಳೆ. ಹುಣಸೂರಿನ ಹೆಂಗಸರು ಅದನ್ನು ನೀಲಾಂಬಿಕೆಯ ಕೈಗುಣ ಎನ್ನುತ್ತಾರೆ. ಅದು ನನ್ನ ಬೀಗದ ಗುಣವೆಂಬುದು ನನ್ನ ದೃಢವಾದ ಅಭಿಪ್ರಾಯ.

ಇಂಥ ಮನೆಗೆ ಒಂದು ಮೋಟಾರು ಬಂತು.

ಮಡಿಕೇರಿ ಕಡೆಯ ಕಾಫಿ ತೋಟದ ದೊರೆಯೊಬ್ಬ ತನ್ನ ಸೀಮೆಗೆ ಹಿಂತಿರುಗುವಾಗ ಮಾರಿದ ಮೋಟಾರು ಅದು. ಕೊಡುವಾಗ ಆ ದೊರೆ ನಕ್ಕ. ಯಾಕೆ ನಕ್ಕ? ಒಳ್ಳೆಯ ಸಾಮಾನನ್ನು ಮಾರುವವನು ನಗುತ್ತಾನೆಯೇ? ನಾನು ಅದೇ ಯೋಚನೆಯಲ್ಲಿ ತಿತಿಮತಿಯಿಂದ ಹುಣಸೂರಿನವರೆಗೆ ಕೂತು ಬಂದೆ. ಮೋಟಾರು ನಡೆಸಿದವನು ಮಂಚಯ್ಯ. ಇವನು ಮೈಸೂರಿನಲ್ಲಿ ಬಸ್ಸುಗಳನ್ನು ರಿಪೇರಿ ಮಾಡುತ್ತಿದ್ದು, ಈಗ ನಮ್ಮೂರ ಬಸ್ಸು ನಿಲ್ಲುವ ಜಾಗದ ಪಕ್ಕ ಒಂದು ತಗಡಿನ ಗುಡಿಸಲು ಹಾಕಿಕೊಂಡು ಕೂತಿರುವವನು. ಬಾಯಿ ಬಹಳ ದೊಡ್ಡದು. "ಅರಮನೆ ಮೋಟಾರ್ ಕೆಳೀಕ್ ಮನೀಕಂಡ್ ಎದ್ದೋನು ಕಣ್ರೀ ನಾನು!" ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಾನೆ. ಮಲಗಿದ್ದು ರಿಪೇರಿಗೋ ನಿದ್ದೆಗೋ ಎಂದು ನಾನೊಬ್ಬನೇ ಕೇಳಿದ್ದು.

ನಮ್ಮ ಮೋಟಾರನ್ನು ನಡೆಸುವುದು, ನೋಡಿಕೊಳ್ಳುವುದು ಎರಡೂ ಅವನ ಕೆಲಸವಾಯಿತು. ಅವನು ಎಂಜಿನ್ನಿನ ಬೋಲ್ಟುಗಳನ್ನು ಬಿಗಿಯುವುದನ್ನು ಮೊದಲ ದಿನವೇ ಗಮನಿಸಿದೆ. ಸ್ಪ್ಯಾನರು ಹಿಡಿದು ಒಂದಿಷ್ಟು ತಿರುಗಿಸುತ್ತಾನೆ, ಬೋಲ್ಟು ಇನ್ನೂ ತಿರುಗಲು ಸಿದ್ಧವಾಗಿರುವಾಗಲೇ ನಿಲ್ಲಿಸಿಬಿಡುತ್ತಾನೆ! ಕಿರ್ ಎನ್ನುವುದಿಲ್ಲ, ಕುಯ್ ಎನ್ನುವುದಿಲ್ಲ. ಯಾಕೆ ಸಡಿಲ ಬಿಡುತ್ತಾನೆ? ನಾಳೆ ಬಿಚ್ಚಿಹೋಗಲಿ ಎಂದು. ಬಿಚ್ಚಿಹೋದರೆ ಯಾರಿಗೆ ಕೆಲಸ? ಅವನಿಗೆ. ಇಷ್ಟು ಸರಳವಾದ ಕುತಂತ್ರ ನನ್ನಂಥವನಿಗೆ ತಿಳಿಯುವುದಿಲ್ಲವೆಂದು ಅವನು ಎಣಿಸಿದ್ದನಲ್ಲ, ಅದಕ್ಕೆ ನನಗೆ ಸಿಟ್ಟು ಬಂತು.

ನಾನು ಮೈಸೂರಿಗೆ ಹೋದಾಗ ಗುಟ್ಟಾಗಿ ಒಂದು ಉದ್ದ ಹಿಡಿಯ ಸ್ಪ್ಯಾನರು ತಂದೆ. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಪತ್ರೆ ಕೊಯ್ಯುವ ಬುಟ್ಟಿಯಲ್ಲಿ ಸ್ಪ್ಯಾನರನ್ನಿಟ್ಟುಕೊಂಡು ಮೋಟಾರು ನಿಲ್ಲಿಸಿದ್ದ ಕೊಟ್ಟಿಗೆಗೆ ಹೋಗುತ್ತಿದ್ದೆ. ಎಂಜಿನ್ನಿನ ಕೆಳಗಿನ ಕಬ್ಬಿಣದ ದಿಮ್ಮಿಗೆ ಬ್ಲಾಕು ಎಂದು ಹೆಸರು. ಅದರ ಮೇಲಿನ ಮುಚ್ಚಳಕ್ಕೆ ಹೆಡ್ಡು ಎಂದು ಹೆಸರು. ಮುಚ್ಚಳವನ್ನು ದಿಮ್ಮಿಗೆ ಅದುಮಿ ಹಿಡಿಯುವುದಕ್ಕೆ ಸುತ್ತ ಬೋಲ್ಟುಗಳು. ಅವೆಲ್ಲಕ್ಕೂ ದಿನಾ ಒಂದೊಂದು ಎಳೆ ಕೊಟ್ಟು ಆಮೇಲೆ ಶಿವಪೂಜೆಗೆ ಕೂರುತ್ತಿದ್ದೆ. ಮನಸ್ಸು ಎಷ್ಟು ನಿರ್ಮಲವಾಗಿರುತ್ತಿತ್ತೆಂದರೆ ಪೂಜೆಯೇ ಬೇಡವೆನಿಸುತ್ತಿತ್ತು.

"ರೀ, ಪತ್ರೆ ಮರ ಇರೋದು ಹಿತ್ತಲಲ್ಲಿ. ನೀವು ದಿನಾ ಮುಂದ್ಲ ಕೊಟ್ಟಿಗೆಗೆ ಯಾಕ್ ಹೋಯ್ತೀರಿ?" ಎಂದು ಒಂದು ದಿನ ನೀಲಾಂಬಿಕೆ ಕೇಳಿದಳು.

"ಮೋಟಾರಿಗೂ ಒಂದೆರಡು ಪತ್ರೆ ಏರಿಸ್ತೀನಿ ಕಣೆ. ಅದೂ ಒಂದು ವಾಹನ ಅಲ್ವಾ?"

"ಪತ್ರೆ ಏರಿಸಿದೋರ ಕೈಗೆ ಕರೀ ಜಿಡ್ಡು ಹೆಂಗ್ ಅಂಟುತ್ತೆ?"

ಹೆಂಡತಿಯಾದವಳು ಗಂಡನ ಮೇಲೆ ಇಷ್ಟು ಅನುಮಾನಪಡಬಾರದು. ಅದು ಸಂಸಾರಕ್ಕೆ ಒಳ್ಳೆಯದಲ್ಲ. ಹಾಗೆಂದೇ ಹೇಳಿ ಕೈ ತೊಳೆಯಲು ಹೋದೆ.

ಅದೇ ವಾರ ನನ್ನ ಭಾಮೈದ ಶಿವನಂಜಪ್ಪ ಹೊಸ ಅಗ್ರಹಾರದಿಂದ ಬಂದ. ನೀಲಾಂಬಿಕೆಯ ತಮ್ಮ. ಗದ್ದೆ ತೋಟ ಇರುವ ಕುಳ, ಅವನ ಬಂಡಿಯ ಎತ್ತುಗಳು ಆ ಸೀಮೆಗೆಲ್ಲ ಹೆಸರಾದವು. ಮಗಳ ಮದುವೆಗೆ ಕರೆಯಲು ಬಂದಿದ್ದ. ಸೋದರತ್ತೆಯಾದ ನೀಲಾಂಬಿಕೆಯೇ ಕಳಸಗಿತ್ತಿ. ಆಕೆ ಕಳಸ ಹಿಡಿದು ಪಕ್ಕದಲ್ಲಿ ನಿಲ್ಲದೆ ಹೆಣ್ಣನ್ನು ಹಸೆಮಣೆಗೆ ಕರೆತರುವಂತಿಲ್ಲ. ಅಷ್ಟು ಮುಖ್ಯವಾದ ಪದವಿ.

"ಅಕ್ಕಂಗೆ ಬಂಡಿ ಕಳಿಸ್ತೀನಿ ಭಾವ. ಕಮಾನು ಕಟ್ಟಿಸಿ, ಮೆತ್ತೆ ಹಾಕ್ಸಿ ಕಳಿಸ್ತೀನಿ," ಎಂದ ಅವನು.

"ಮೋಟಾರು ಇರೋರ ಮನೆಗೆ ಬಂಡಿಯೇ?" ಎಂದು ನಾನು ಮೀಸೆ ಸವರಿದೆ. "ನಿಮ್ಮಕ್ಕ ಸ್ವಂತ ರಥದಲ್ಲಿ ಚಿತ್ತೈಸುತ್ತಾಳೆ ಕಣಯ್ಯ. ಊರ ಬಾಗಿಲಲ್ಲಿ ಓಲಗದೋರನ್ನ ನಿಲ್ಲಿಸಿರು."

ಶಿವನಂಜಪ್ಪ ಕೊಟ್ಟಿಗೆಯ ಕಡೆ ನೋಡಿದ. ಅವನೂ ನಕ್ಕ. ಈ ಮೋಟಾರನ್ನು ನೋಡಿದವರೆಲ್ಲ ಯಾಕೆ ನಗುತ್ತಾರೆ?

ಅವನು ಹೋದ ಮೇಲೆ ನೀಲಾಂಬಿಕೆ ನನ್ನೆದುರು ಬಂದು ನಿಂತಳು. ಈ ಸಲ ಅವಳ ಮುಖದಲ್ಲಿ ತಮಾಷೆಯಿರಲಿಲ್ಲ. "ನೋಡಿ, ನಮ್ಮಪ್ಪ ಇಲ್ಲದ ಮನೆ ಅದು. ನಮ್ಮವ್ವ ಪುಟ್ಟಸಿದ್ದಮ್ಮ ಮಂಚ ಹಿಡಿದು ಕೂತವ್ಳೆ. ನಾನು ಎತ್ತಿ ಆಡಿಸಿದ ಕೂಸಿನ ಮದುವೆ. ನಾನು ಹೋಗಿ ನಿಲ್ಲೋ ತನಕ ಹೆಣ್ಣು ಏಳಲ್ಲ. ನಿಮ್ಮ ರಥ ಏನಾರ ದಾರೀಲಿ ಕೆಟ್ಟು ಮುಹೂರ್ತ ತಪ್ತೋ, ನಾನು ಅಲ್ಲಿಂದ ನಡ್ಕೊಂಡೇ ತವರಿಗೆ ಹೋಯ್ತೀನಿ. ತಿರುಗಿ ಬರಾಕಿಲ್ಲ. ಉಗ್ರಾಣದ ಬೀಗ ಹಾಕ್ಕೊಂಡು ನೀವೊಬ್ರೇ ಇರಿ."

ಮೂವತ್ತು ಮಾತಾಡುವ ಹೆಂಗಸು ಒಂದೇ ಮಾತನ್ನು ಮೆಲ್ಲಗೆ ಆಡಿದರೆ ಅದು ನಡೆಯುವ ಮಾತೇ ಎಂದು ನನಗೆ ಗೊತ್ತು. ಮೋಟಾರು ದಾರಿಯಲ್ಲಿ ಕೆಡಬಾರದು. ಹಾಗೆಂದರೆ ಏನು ಮಾಡಬೇಕು? ಇನ್ನೂ ಚೆನ್ನಾಗಿ ಬಿಗಿಯಬೇಕು.

ಮರುದಿನದಿಂದ ಬೆಳಿಗ್ಗೆಯೂ ಸಾಯಂಕಾಲವೂ ಬಿಗಿದೆ. ಒಂದು ಬೆಳಿಗ್ಗೆ ಮುಂದಿನ ಮೂಲೆಯ ಬೋಲ್ಟಿಗೆ ಸ್ಪ್ಯಾನರು ಹಾಕಿ, ಮೋಟಾರಿನ ಮೇಲೆ ಒಂದು ಕಾಲೂರಿ, ಶಿವಶಿವಾ ಎಂದು ಎಳೆದೆ. 'ಕಿರ್' ಎಂದಿತು. ಎಂಥ ಕಿರ್ ಅದು! ನನ್ನ ಜನ್ಮದಲ್ಲೇ ಅಂಥ ತುಂಬುಗಂಟಲಿನ ಕಿರ್ ಕೇಳಿರಲಿಲ್ಲ. ಸಂತೋಷ ತಡೆಯಲಾರದೆ ಇನ್ನೊಂದು ಎಳೆ ಕೊಟ್ಟೆ. ಈ ಸಲ ಬೋಲ್ಟು ಬಹಳ ವಿಧೇಯವಾಗಿ ತಿರುಗಿತು. ಮತ್ತೆ ಕೊಟ್ಟೆ, ಮತ್ತೆ ತಿರುಗಿತು. ತಿರುಗುತ್ತಲೇ ಇತ್ತು. ಬೆರಳಿನಲ್ಲಿ ಹಿಡಿದು ಎತ್ತಿದರೆ ಮಕ್ಕಳ ಸಡಿಲ ಹಾಲುಹಲ್ಲಿನ ಹಾಗೆ ಕೈಗೇ ಬಂತು. ಅದರ ಮೈಗೆ ಕಬ್ಬಿಣದ ಹೊಟ್ಟು ಅಂಟಿಕೊಂಡಿತ್ತು.

ಬೋಲ್ಟನ್ನು ಇದ್ದಲ್ಲೇ ಇಟ್ಟು, ಕೈ ಒರೆಸಿಕೊಂಡು, ಯಾರು ಹೀಗೆ ಮಾಡಿರಬಹುದೆಂದು ಯೋಚಿಸಿದೆ. ದೊರೆ ಕೊಡುವಾಗಲೇ ಹಾಳುಮಾಡಿ ಕೊಟ್ಟಿರಬೇಕು, ಅದಕ್ಕೇ ನಕ್ಕದ್ದು. ಇಲ್ಲವೆ ಮಂಚಯ್ಯನ ಕೆಲಸ. ಇಲ್ಲವೆ ಶಿವನಂಜಪ್ಪನದು, ತನ್ನ ಬಂಡಿಯೇ ಬರಬೇಕು, ನಾನು ತಲೆ ತಗ್ಗಿಸಬೇಕೆಂದು ಕೊಟ್ಟಿಗೆಯ ಕಡೆ ನೋಡಿದ್ದನಲ್ಲ, ಅವನ ಕಣ್ಣೇ ತಾಕಿರಬೇಕು.

ಮಂಚಯ್ಯ ಬಂದು ಎಂಜಿನ್ನಿಗೆ ಜೀವ ಕೊಟ್ಟ. ಮುಚ್ಚಳದ ಆ ಮೂಲೆಯಿಂದ ನೀರು ಚಿಮ್ಮಿತು, ಹಬೆ ಬುಸ್ಸೆಂದಿತು. ಅವನು ಎಂಜಿನ್ನು ನಿಲ್ಲಿಸಿ, ಬೋಲ್ಟನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದ.

"ತ್ರೆಡ್ಡು ಹೊಂಟೋಗದೆ ಯಜಮಾನ್ರೆ."

"ಎಲ್ಲಿಗೆ ಹೋಯ್ತು?"

"ಎಲ್ಲಿಗೂ ಓಗಿಲ್ಲ, ಇಲ್ಲೇ ಪುಡಿಯಾಗ್ ಕುಂತದೆ. ತೂತಿನ್ ಒಳಗೆ ಸುತ್ಲೂ ಗೆರೆ ಇರ್ತವೆ ನೋಡಿ, ಬೋಲ್ಟು ಕಚ್ಕಳಾಕೆ. ಅವೆಲ್ಲ ಕಿತ್ಕಂಡ್ ಬಂದವೆ. ಬ್ಲಾಕಿಂದೇ ಓಗದೆ. ಯಾರೋ ಎಮ್ಮೆ ಕಟ್ಟೋ ಅಗ್ಗದಂಗೆ ಎಳ್ದವ್ರೆ."

"ಯಾರು ಎಳೀತಾರೆ ಇಲ್ಲಿ? ಇಲಿಗಿಲಿ ಕಡಿದಿರಬೇಕು."

"ಕಬ್ಣಾನಾ?"

"ಹುಣಸೂರಿನ ಇಲಿ ಕಣಯ್ಯ. ಹೊಗೆಸೊಪ್ಪು ತಿಂದು ಬೆಳೆದವು. ನಿನಗೇನು ಗೊತ್ತು?"

ಮಂಚಯ್ಯ ನನ್ನ ಮುಖ ನೋಡಿದ. ಆಮೇಲೆ ನನ್ನ ಪತ್ರೆ ಬುಟ್ಟಿಯನ್ನು ನೋಡಿದ. ಬುಟ್ಟಿಯಲ್ಲಿ ಪತ್ರೆಯ ಕೆಳಗಿಂದ ಸ್ಪ್ಯಾನರಿನ ಬಾಲ ಒಂದಿಷ್ಟು ಹೊರಗೆ ಬಂದಿತ್ತೋ ಏನೋ, ನಾನು ಬುಟ್ಟಿಯನ್ನು ಹಿಂದಕ್ಕೆ ಸರಿಸಿದೆ. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ನೀಲಾಂಬಿಕೆ, "ಮಂಚಯ್ಯ, ಮದುವೆ ಹೊತ್ಗೆ ಆಯ್ತದಾ?" ಎಂದು ಕೇಳಿದಳು. ನನಗೂ ಅದೇ ಚಿಂತೆ. ಆದರೆ ತಪ್ಪಿತಸ್ಥ ಸಿಕ್ಕುವವರೆಗೆ ನಾನೇನು ಮಾಡಲು ಸಾಧ್ಯ?

"ಆಗದೆ ಏನವ್ವ! ಆ ತೂತ ಇನ್ನೊಸಿ ದೊಡ್ದು ಮಾಡಿ, ಒಳೀಕೆ ಒಸ ಗೆರೆ ಕೊಯ್ದು, ಅದ್ಕೊಂದು ಕಬ್ಣದ ಕೊಳವೆ, ಬುಷ್ ಅಂತಾರೆ, ಅದ್ನ ತಿರ್ಪಿ ಕೂರಿಸ್ತೀನಿ. ಬುಷ್ಶಿನ್ ಒಳಗೆ ಅಳೇ ಬೋಲ್ಟು ಕೂರ್ತದೆ. ಮೊದ್ಲಿಗಿಂತ ಗಟ್ಟಿ. ಅರಮನೆ ಮೋಟಾರ್ಗೇ ಮಾಡಿವ್ನಿ."

ಕೆಲಸ ನಮ್ಮ ಕೊಟ್ಟಿಗೆಯಲ್ಲೇ ಆಗಬೇಕೆಂದು ನಾನು ಹಟ ಹಿಡಿದೆ. ಅವನ ಗುಡಿಸಲಿಗೆ ಬಿಟ್ಟರೆ ಒಳ್ಳೆಯ ಬೋಲ್ಟು ತೆಗೆದು ಕೆಟ್ಟದ್ದು ಹಾಕುವುದಿಲ್ಲವೆಂದು ಏನು ಖಾತರಿ? ಮುಚ್ಚಳ ಬಿಚ್ಚುವ ಮೊದಲು ಪ್ರತಿಯೊಂದು ಬೋಲ್ಟಿನ ತಲೆಗೂ ವಿಭೂತಿಯಲ್ಲಿ ಗುರುತು ಹಚ್ಚಿದೆ. (ಮಂಚಯ್ಯ ಅವನ್ನು ಸೀಮೆಎಣ್ಣೆಯಲ್ಲಿ ಅದ್ದಿ ತೊಳೆದುಬಿಟ್ಟ. ಬೇಕೆಂದೇ.) ಅವನು ಕೈಬೈರಿಗೆ ಹಿಡಿದು ಬ್ಲಾಕಿನ ತೂತನ್ನು ಕೊರೆಯುವಾಗ ಮಣೆ ಹಾಕಿಕೊಂಡು ಎದುರಿಗೇ ಕೂತೆ. ಉದುರಿದ ಕಬ್ಬಿಣದ ಪುಡಿಯನ್ನು ಬಾಳೆಲೆಯ ಚೂರಿನಲ್ಲಿ ಎತ್ತಿಟ್ಟುಕೊಂಡೆ. ನಮ್ಮ ಬ್ಲಾಕಿನ ಕಬ್ಬಿಣ, ನಮ್ಮ ಮನೆಯಲ್ಲೇ ಇರಬೇಕು.

ಗೆರೆ ಕೊಯ್ಯುವ ಕೆಲಸವೇ ಹೊಟ್ಟೆ ಉರಿಸುವಂಥದ್ದು. ಮೈಯೆಲ್ಲ ಗೆರೆಯಿದ್ದ ಉಕ್ಕಿನ ಕಡ್ಡಿಯೊಂದನ್ನು ತೂತಿಗಿಟ್ಟು, ಒಂದಿಷ್ಟು ಮುಂದಕ್ಕೆ ತಿರುಗಿಸುತ್ತಾನೆ, ಕೂಡಲೇ ಹಿಂದಕ್ಕೆ ತಿರುಗಿಸುತ್ತಾನೆ.

"ಯಾಕಯ್ಯಾ ಹಿಂದಕ್ಕೆ? ಮಾಡಿದ್ದನ್ನೇ ಬಿಚ್ಚುತ್ತಾ ಇದ್ದೀಯಾ?"

"ಹಿಂದುಕ್ ಬರ್ದಿದ್ರೆ ಮುಂದುಕ್ ಓದ ಗೆರೆ ನಿಲ್ಲಾಕಿಲ್ಲ ಯಜಮಾನ್ರೆ. ಪುಡಿ ಕಚ್ಕಂಡು ಎಲ್ಲಾ ಕಿತ್ತೋಯ್ತದೆ."

ಕಾಲ ಕಳೆಯುವುದಕ್ಕೆ ಹೇಳಿದ ಮಾತೆಂದು ತಿಳಿದು ನಾನು ಹುಬ್ಬು ಗಂಟಿಕ್ಕಿದೆ.

ಇಷ್ಟರಲ್ಲಿ ಅದಕ್ಕಿಂತ ದೊಡ್ಡ ಅನುಮಾನ ಮೂಡಿತು. ನೀಲಾಂಬಿಕೆ ಮಂಚಯ್ಯನಿಗೆ ಕಾಫಿ ತಂದುಕೊಡುತ್ತಿದ್ದಳು. ಕೊಡಲಿ, ತಪ್ಪಲ್ಲ. ಆದರೆ ಲೋಟ ಕೊಡುವಾಗ ಇಬ್ಬರೂ ತಗ್ಗಿದ ದನಿಯಲ್ಲಿ ಮಾತಾಡುತ್ತಾರೆ. ನಾನು ಹತ್ತಿರ ಹೋದರೆ ಆಕೆ, "ಎಷ್ಟು ಸೆಕೆ ಅಲ್ವಾ!" ಎನ್ನುತ್ತಾಳೆ. ಮಾಘದ ಚಳಿಯಲ್ಲಿ ಸೆಕೆಯೇ? ಒಂದು ಸಲ ಸೆರಗಿನ ಮರೆಯಲ್ಲಿ ಏನನ್ನೋ ಹಿಡಿದು ಕೊಟ್ಟಿಗೆಗೆ ಹೋಗಿ ಬರಿಗೈಯಲ್ಲಿ ಬಂದಳು. ಇನ್ನೊಂದು ಸಲ ಅವಳ ಕೈ ಮೂಸಿದರೆ ಗುಗ್ಗುಳ ಹಾಕುವ ರಾಳದ ವಾಸನೆ. ಮತ್ತೊಂದು ಸಲ ಹುಣಸೆಹಣ್ಣಿನದು. ಮೋಟಾರಿಗೆ ಹುಣಸೆಹಣ್ಣೇಕೆ? ಸಾರು ಮಾಡುತ್ತಾರೆಯೇ?

ಇದರ ನಡುವೆ ನನ್ನ ಎಡಗಾಲಿನ ಚಪ್ಪಲಿ ಮಾಯವಾಯಿತು. ಮೈಸೂರಿನಲ್ಲಿ ಹೊಲಿಸಿದ, ಅಂಚಿಗೆ ಕೆಂಪು ದಾರದ ಹೊಲಿಗೆಯ ಜೋಡು. ಒಂದನ್ನೇ ಕದಿಯುವ ಕಳ್ಳ ಎಂಥವನು? ಬೀದಿಯ ನಾಯಿಗಳನ್ನೆಲ್ಲ ಒಂದು ಸುತ್ತು ವಿಚಾರಣೆ ಮಾಡಿ ಬಂದೆ. ಮನೆಯಲ್ಲಿ ಕೇಳಿದರೆ ನೀಲಾಂಬಿಕೆ, "ಮದುವೆಗೆ ಹೊಸದು ತಗೊಳ್ಳಿ ಬುಡಿ," ಎಂದಳು. ಹೊಸದು ತೆಗೆದುಕೊಳ್ಳಿ ಎಂದು ನನ್ನ ಮನೆಯಲ್ಲಿ ಯಾರಾದರೂ ಅಂದರೆ ಅದರ ಹಿಂದೆ ಪಿತೂರಿ ಇರಲೇಬೇಕು. ಹೆಂಡತಿ, ಮೆಕ್ಯಾನಿಕ್ಕು, ಭಾಮೈದ, ಮೂವರೂ ಸೇರಿ ನನ್ನ ಮೋಟಾರನ್ನು ಏನೋ ಮಾಡುತ್ತಿದ್ದಾರೆ ಎನ್ನುವುದು ನನಗೆ ಖಚಿತವಾಯಿತು.

ಹೊರಡುವ ಹಿಂದಿನ ದಿನ ಕೆಲಸ ಮುಗಿಯಿತು. ಬುಷ್ ಕೂತಿತ್ತು, ಬೋಲ್ಟು ಕೂತಿತ್ತು, ನೀರು ಸೋರಲಿಲ್ಲ. ಮಂಚಯ್ಯ ಕೈ ಒರೆಸಿಕೊಳ್ಳುತ್ತ, "ಇನ್ನ ಈ ಮ್ಯಾಗ್ಳ ಬೋಲ್ಟುಗಳ್ನ ನೀವ್ ಬೇಕಾದ್ರೆ ದಿನಾ ಬಿಗೀರಿ ಯಜಮಾನ್ರೆ, ಏನೂ ಆಗಾಕಿಲ್ಲ," ಎಂದ. ಆಮೇಲೆ ದನಿ ತಗ್ಗಿಸಿದ. "ಆದ್ರೆ ಇದೊಂದ ಮಾತ್ರ ಮುಟ್ಬ್ಯಾಡಿ. ದೇವ್ರಾಣೆ ಮುಟ್ಬ್ಯಾಡಿ. ಇದು ಮೋಟಾರಿನ್ ಪ್ರಾಣ."

ಎಂಜಿನ್ನಿನ ಪಕ್ಕದಲ್ಲಿ ಹೊರಚಾಚಿದ್ದ ಒಂದು ಕಬ್ಬಿಣದ ಪಟ್ಟಿಯ ಮೇಲೆ ಹಿತ್ತಾಳೆ ತಲೆಯ ಒಂದು ದಪ್ಪ ಬೋಲ್ಟು ಕೂತಿತ್ತು. ಪೂಜೆಯ ಗಿಂಡಿಯ ಹಾಗೆ ಫಳಫಳನೆ ಹೊಳೆಯುತ್ತಿತ್ತು. ಮೊದಲು ಅದು ಅಲ್ಲಿತ್ತೇ? ಇದ್ದಿರಬೇಕು, ಜಿಡ್ಡಿನಲ್ಲಿ ಕಂಡಿರಲಿಕ್ಕಿಲ್ಲ.

ನಾನು ಒಳಗೆ ಬಂದು ಲೆಕ್ಕ ಹಾಕಿದೆ. ಮೇಲಿನ ಬೋಲ್ಟುಗಳನ್ನು ಬಿಗಿಯಿರಿ ಎನ್ನುತ್ತಾನೆ. ಹಾಗಾದರೆ ಅವುಗಳಲ್ಲಿ ಏನೂ ಇಲ್ಲ. ನನ್ನ ಗಮನ ಅಲ್ಲಿರಲಿ ಎಂಬ ಉಪಾಯ. ಇದನ್ನು ಮುಟ್ಟಬೇಡಿ ಎನ್ನುತ್ತಾನೆ. ಹಾಗಾದರೆ ಸಡಿಲ ಬಿಟ್ಟಿರುವುದು ಇದನ್ನೇ! ಕಳ್ಳನ ಬಾಯಿಂದಲೇ ಕಳವಿನ ಜಾಗ ಹೊರಬಿತ್ತಲ್ಲ ಎಂದು ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ಬೆಳಗಾಗುತ್ತಲೇ ಪತ್ರೆ ಬುಟ್ಟಿಯೊಡನೆ ಹೋದೆ. ಮೇಲಿನ ಬೋಲ್ಟುಗಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಹಿತ್ತಾಳೆ ತಲೆಗೆ ಸ್ಪ್ಯಾನರು ಹಾಕಿ ಎಳೆದೆ. ಮೊದಲು ಸ್ವಲ್ಪ ಬಿಗಿತ, ಆಮೇಲೆ 'ಕಿರ್ರ್'. ನಾರಿನ ಹಗ್ಗದ ಕಿರ್! ಮಂಡಿಯ ಕಿರ್! ನನ್ನ ಕಣ್ಣಲ್ಲಿ ನೀರು ಬಂತೆಂದರೆ ಸುಳ್ಳಲ್ಲ.

ಪ್ರಯಾಣ ಹೊರಟೆವು. ಮಂಚಯ್ಯ ಮುಂದೆ, ನಾನು ಅವನ ಪಕ್ಕ, ಹಿಂದೆ ನೀಲಾಂಬಿಕೆ ರೇಷ್ಮೆ ಸೀರೆಯುಟ್ಟು, ಮಡಿಲಲ್ಲಿ ಕಳಸದ ಚೊಂಬನ್ನಿಟ್ಟುಕೊಂಡು. ಲಕ್ಷ್ಮಣತೀರ್ಥದ ಸೇತುವೆ ದಾಟಿ ಕೃಷ್ಣರಾಜನಗರದ ದಾರಿ ಹಿಡಿದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಗುಂಡಿ ಬಂದಾಗಲೆಲ್ಲ ಆ ಬೋಲ್ಟು ಸಡಿಲವಾಗುವುದು ನನ್ನ ಎದೆಗೇ ಗೊತ್ತಾಗುತ್ತಿತ್ತು.

"ಮಂಚಯ್ಯ, ನಿಲ್ಲಿಸು. ನೀರು ನೋಡಬೇಕು."

"ನೀರು ಭರ್ತಿ ಅದೆ ಯಜಮಾನ್ರೆ."

"ನಿಲ್ಲಿಸು ಅಂದೆ!"

ಇಳಿದು ಮುಂದಿನ ಮುಚ್ಚಳ ಎತ್ತಿ, ಪಂಚೆಯ ಗಂಟಿನಿಂದ ಸ್ಪ್ಯಾನರು ತೆಗೆದು, ಕಿರ್ ಎನಿಸಿ, ಹತ್ತಿ ಕೂತೆ. ಮತ್ತೆ ಒಂದು ಹಳ್ಳಿ ಕಳೆದ ಮೇಲೆ ಅದೇ. ಮತ್ತೊಂದು ಹಳ್ಳಿ, ಮತ್ತೆ ಅದೇ. ಆಶ್ಚರ್ಯವೆಂದರೆ ದಾರಿಯಲ್ಲಿ ಒಂದು ಸಲ ನಿಂತರೂ ಮುಖ ಸಿಂಡರಿಸುವ ನೀಲಾಂಬಿಕೆ ಆ ದಿನ ಒಮ್ಮೆಯೂ ಗೊಣಗಲಿಲ್ಲ. "ನೀರು ನೋಡಿದ್ರಾ? ಸರಿ, ಹತ್ಕೊಳ್ಳಿ," ಎನ್ನುತ್ತಿದ್ದಳು. ಅವಳ ಆ ಸೌಮ್ಯತೆಯೇ ನನಗೆ ಭಯ ಹುಟ್ಟಿಸಿತು.

ಹೊಸ ಅಗ್ರಹಾರದ ಬಾಗಿಲಲ್ಲಿ ಓಲಗದವರು ನಿಜವಾಗಿಯೂ ನಿಂತಿದ್ದರು. ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು. ಮಂಚದ ಮೇಲಿದ್ದ ನಮ್ಮತ್ತೆಯನ್ನು ಇಬ್ಬರು ಹಿಡಿದು ಜಗಲಿಗೆ ತಂದು ಕೂರಿಸಿದ್ದರು. ಮೋಟಾರಿನಿಂದಿಳಿದ ಮಗಳನ್ನು ಕಂಡು ಆ ಮುದುಕಿ, "ಬಂದ್ಯಾ ಮಗಳೇ," ಎಂದು ಅವಳ ಕೆನ್ನೆ ಸವರಿ ಅತ್ತಳು. ನೀಲಾಂಬಿಕೆಯೂ ಅತ್ತಳು. ಇದೆಲ್ಲ ಯಾರಿಂದ ಸಾಧ್ಯವಾಯಿತು? ಒಂದು ಬೋಲ್ಟಿನಿಂದ. ಆ ಬೋಲ್ಟನ್ನು ಕಾಪಾಡಿದವರು ಯಾರು?

ಇದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ನನ್ನಿಂದಾಗಲಿಲ್ಲ. ಧಾರೆ ಮುಗಿದು ಊಟವಾದ ಮೇಲೆ ಗಂಡಸರೆಲ್ಲ ಎಲೆಯಡಿಕೆ ಹಾಕಿಕೊಂಡು ಮೋಟಾರಿನ ಸುತ್ತ ಸೇರಿದರು. ಶಿವನಂಜಪ್ಪನೂ ಬಂದ. ಮಂಚಯ್ಯನಿಂದ ಎಂಜಿನ್ನು ಹಚ್ಚಿಸಿ ನಾನು ಉಪನ್ಯಾಸ ಶುರುಮಾಡಿದೆ. ಬ್ಲಾಕು ಎಂದರೇನು, ಹೆಡ್ಡು ಎಂದರೇನು, ಮೆಕ್ಯಾನಿಕ್ಕುಗಳು ಹೇಗೆ ಕಣ್ಣಿಗೆ ಮಣ್ಣೆರಚುತ್ತಾರೆ ಎಲ್ಲವನ್ನೂ ವಿವರಿಸಿ, "ಇದೋ ನೋಡಿ, ಈ ಯಂತ್ರದ ಪ್ರಾಣ. ಇದನ್ನು ನಾನು ಗುಟ್ಟಾಗಿ ಬಿಗಿಯದೇ ಇದ್ದಿದ್ದರೆ ನಿಮ್ಮ ಕಳಸಗಿತ್ತಿ ಇನ್ನೂ ದಾರಿಯಲ್ಲೇ ಇರುತ್ತಿದ್ದಳು!" ಎಂದು ಹಿತ್ತಾಳೆ ತಲೆಗೆ ಸ್ಪ್ಯಾನರು ಹಾಕಿ ಎಳೆದೆ.

ಕಿರ್ರ್.

ಜನ ಬೆರಗಾದರು. ಮಂಚಯ್ಯ ಯಾಕೋ ಚಪ್ಪರದ ಕಂಬದ ಹಿಂದಕ್ಕೆ ಸರಿದ.

"ಭಾವ, ಇದು ಏನನ್ನ ಹಿಡ್ಕೊಂಡದೆ?" ಎಂದು ಶಿವನಂಜಪ್ಪ ಬಗ್ಗಿ ನೋಡಿದ.

"ಎಲ್ಲವನ್ನೂ!"

"ಹಿಂದುಗಡೆ ಏನೂ ಇಲ್ವಲ್ಲ? ಬರೀ ಒಂದು ನಟ್ಟು ಅದೆ. ನೀವು ಬೋಲ್ಟು ತಿರುಗಿಸಿದ್ರೆ ಅದೂ ಜೊತೇಲಿ ತಿರುಗ್ತದೆ." ಹೀಗೆಂದವನೇ ಆ ನಟ್ಟನ್ನು ಬೆರಳಲ್ಲಿ ಒತ್ತಿ ಹಿಡಿದು, ನನ್ನ ಕೈಯಿಂದ ಸ್ಪ್ಯಾನರು ಕಿತ್ತುಕೊಂಡು ಎಡಕ್ಕೆ ತಿರುಗಿಸಿದ.

"ಅಯ್ಯೋ, ಬೇಡ ಕಣೋ! ಸಿಡಿಯುತ್ತೆ! ಎಲ್ಲರೂ ಓಡ್ರೋ!" ಎಂದು ಕೂಗಿ ನಾನು ಕಿವಿ ಮುಚ್ಚಿಕೊಂಡು ನೆಲಕ್ಕೆ ಕುಕ್ಕರಿಸಿದೆ.

ಏನೂ ಸಿಡಿಯಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಮೋಟಾರಿನ ಪ್ರಾಣ ಶಿವನಂಜಪ್ಪನ ಅಂಗೈಯಲ್ಲಿತ್ತು, ಎಂಜಿನ್ನು ಮಾತ್ರ ಯಾವ ದುಃಖವೂ ಇಲ್ಲದೆ ಗುರುಗುಟ್ಟುತ್ತಿತ್ತು. ಬೋಲ್ಟಿನ ಕೊರಳಿಗೆ ದುಂಡಗೆ ಕತ್ತರಿಸಿದ ಒಂದು ತೊಗಲಿನ ಬಿಲ್ಲೆ ಸಿಕ್ಕಿಸಿತ್ತು, ಅದಕ್ಕೆ ರಾಳ ಬಳಿದಿತ್ತು. ಬಿಲ್ಲೆಯ ಒಂದು ಅಂಚಿನಲ್ಲಿ ಕೆಂಪು ದಾರದ ಹೊಲಿಗೆಯಿತ್ತು.

ಅದು ನನ್ನ ಎಡಗಾಲಿನ ಚಪ್ಪಲಿ.

"ಮಂಚಯ್ಯಾ!" ಎಂದು ಗುಡುಗಿದೆ.

"ನಂದೇನೂ ಇಲ್ಲ ಯಜಮಾನ್ರೆ!" ಎಂದು ಅವನು ಕಂಬದ ಹಿಂದಿನಿಂದಲೇ ಕೂಗಿದ. "ಬುಷ್ ಕೂರಿಸಿದ್ ಮಾತ್ರ ನಾನು! 'ಅವರು ಬಿಗೀದೆ ಇರಾಕಿಲ್ಲ, ಮತ್ತೆ ತ್ರೆಡ್ ಕಿತ್ತಾಕ್ತಾರೆ. ಅವರಿಗೇ ಅಂತ ಒಂದು ಬೋಲ್ಟು ಬ್ಯಾರೆ ಮಡುಗಿ, ಮುಟ್ಬ್ಯಾಡಿ ಅನ್ನು, ಅದನ್ನೇ ಮುಟ್ತಾರೆ' ಅಂತ ಅವ್ವಾರೇ ಏಳಿದ್ದು. 'ಕಿರ್ ಅನ್ನದಿದ್ರೆ ಅವರಿಗೆ ಸಮಾಧಾನ ಆಗಾಕಿಲ್ಲ' ಅಂತ ತೊಗಲು, ರಾಳ ತಂದ್ಕೊಟ್ಟಿದ್ದೂ ಅವ್ವಾರೇ. ಉಣಸೆಅಣ್ಣಾಕಿ ಬೆಳಗಿದ್ದೂ ಅವ್ವಾರೇ!"

ಆಗ ಎದ್ದ ನಗು ಚುಂಚನಕಟ್ಟೆಯವರೆಗೂ ಕೇಳಿಸಿರಬೇಕು. ಶಿವನಂಜಪ್ಪ ನಕ್ಕು ನಕ್ಕು ತನ್ನ ಹೊಸ ಅಳಿಯನ ಭುಜಕ್ಕೆ ಒರಗಿದ. ಗಲಾಟೆ ಕೇಳಿ ನೀಲಾಂಬಿಕೆ ಹೊರಗೆ ಬಂದಳು. ಅಂಗೈಯಲ್ಲಿದ್ದ ಬೋಲ್ಟನ್ನು ನೋಡಿದಳು, ನನ್ನನ್ನು ನೋಡಿದಳು. ಅವಳೊಬ್ಬಳೇ ನಗಲಿಲ್ಲ.

"ಅದನ್ನ ಎಲ್ಲಿತ್ತೋ ಅಲ್ಲೇ ಹಾಕು ಶಿವನಂಜ," ಎಂದಳು. "ನಾವು ಮನೆ ತನಕ ಹೋಗಬೇಕು."

ಮೂವರೂ ಊರಿಗೆ ತಿರುಗಿ ಹೊರಟೆವು. ನಡುದಾರಿಯಲ್ಲಿ ನನ್ನ ಕೈ ತುರಿಸತೊಡಗಿತು. ತಡೆದೆ. ಬೆವರು ಬಂತು. ಅದು ಏನನ್ನೂ ಹಿಡಿದಿಲ್ಲ ಎಂದು ನನಗೆ ಗೊತ್ತು. ಊರಿಗೆಲ್ಲ ಗೊತ್ತು. ಆದರೂ ಗುಂಡಿಯೊಂದು ಬಂದು ಮೋಟಾರು ಕುಲುಕಿದಾಗ ಹಿಂದಿನಿಂದ ನೀಲಾಂಬಿಕೆಯೇ, "ಮಂಚಯ್ಯ, ಒಸಿ ನಿಲ್ಲಿಸಪ್ಪ. ಅವರು ನೀರು ನೋಡ್ಕೊಳ್ಳಲಿ," ಎಂದಳು. ಇಳಿದೆ. ಕಿರ್ ಎನಿಸಿದೆ. ಮನಸ್ಸಿಗೆ ಹಾಯೆನಿಸಿತು, ಏನು ಮಾಡಲಿ?

ಮನೆ ಸೇರಿದ ಮೇಲೆ ಅಭ್ಯಾಸದಂತೆ ಉಗ್ರಾಣದ ಬೀಗವನ್ನು ಎಳೆದು ನೋಡಿದೆ. ಬಂಡೆಯಂತೆ ಗಟ್ಟಿಯಾಗಿತ್ತು. ಹೊರಡಬೇಕೆಂದಿದ್ದವನು ಯಾಕೋ ನಿಂತೆ. ಇಷ್ಟು ವರ್ಷ ನಾನು ಆ ಬಾಗಿಲಿನ ಬೀಗವಿರುವ ಕಡೆಯನ್ನು ನೋಡಿದ್ದೆನೇ ಹೊರತು ಇನ್ನೊಂದು ಕಡೆಯನ್ನು ನೋಡಿರಲಿಲ್ಲ. ಬಗ್ಗಿ ನೋಡಿದೆ. ಬಾಗಿಲಿನ ಕೀಲುಗಳ ಕಡ್ಡಿಗಳಿಗೆ ಹರಳೆಣ್ಣೆ ಸವರಿತ್ತು. ದಿನಾ ಎಳೆದು ಹಾಕಿ ಎಳೆದು ಹಾಕಿ ಅವು ಬೆಳ್ಳಿಯ ಹಾಗೆ ನುಣ್ಣಗಾಗಿದ್ದವು. ಒಂದನ್ನು ಬೆರಳಿನಿಂದ ಎತ್ತಿದೆ. ಬೆಣ್ಣೆಯಿಂದ ಕೂದಲು ಎಳೆದಂತೆ ಸದ್ದಿಲ್ಲದೆ ಕೈಗೆ ಬಂತು. ಒಳಗಿಂದ ಬೆಲ್ಲದ ವಾಸನೆ ಘಮ್ಮೆಂದಿತು. ಮೆಲ್ಲಗೆ ಕಡ್ಡಿಯನ್ನು ಇದ್ದಲ್ಲೇ ಇಳಿಸಿದೆ.

"ರೀ, ಬೀಗ ಎಳೆದು ನೋಡಿದ್ರಾ?" ಎಂದು ಅಡಿಗೆಮನೆಯಿಂದ ನೀಲಾಂಬಿಕೆ ಕೇಳಿದಳು.

ಉಡಿದಾರದ ಕೀಲಿಕೈಯನ್ನು ಮುಟ್ಟಿ ನೋಡಿಕೊಂಡೆ.

"ನೋಡಿದೆ ಕಣೆ," ಎಂದೆ. "ಬಿಗಿಯಾಗಿದೆ."